ದಿನಕ್ಕೊಂದು ಹಾಯ್ಕು ಬರೆದರೆ ದುಃಖ ಇಳಿಯುವುದೇ?

ಪ್ರಶ್ನೆ: ಒಕ್ಕಲುತನ ಮಾಡಿಕೊಂಡಿದ್ದ ನಮ್ಮ ಯಜಮಾನರು ತೀರಿಕೊಂಡು ವರ್ಷವಾಗುತ್ತ ಬಂತು. ಮಗಳ ಮಾತಿನಂತೆ ದಿನಾಲೂ ಮಲಗುವ ಮುಂಚೆ ಒಂದು ಹಾಯ್ಕು, ಅಂದರೆ ಜಪಾನಿ ಬಗೆಯ ಮೂರು ಸಾಲಿನ ಪುಟ್ಟ ಕವಿತೆ, ಬರೆಯುತ್ತೇನೆ. ‘ನೆನಪಿನ ನೋವು, ಮುಗಿಯದ ಕತ್ತಲು’ ಎಂಬಂಥ ಸಾಲುಗಳೇ ಬರುತ್ತವೆ. ಬರೆದ ಮೇಲೆ ಅಳು ಹೆಚ್ಚಿ ನಿದ್ದೆ ಹತ್ತುವುದಿಲ್ಲ. ಮೂರು ಸಾಲಿಗೆ ಐದು–ಏಳು–ಐದು ಅಕ್ಷರಗಳ ಲೆಕ್ಕವೂ ತಪ್ಪುತ್ತದೆ. ಬಿಟ್ಟುಬಿಡಲೇ?
– ಓದುಗರು, ಬಾದಾಮಿ ತಾಲ್ಲೂಕು

ಉತ್ತರ: ಬಿಡಬೇಡಿ ತಾಯಿ, ಬರೆಯುವ ಹೊತ್ತನ್ನೂ ವಸ್ತುವನ್ನೂ ಬದಲಿಸಿ ನೋಡಿ. ಮನಸ್ಸಿನ ಪೆಟ್ಟನ್ನು ಕುರಿತು ಬರೆದವರಿಗೆ ಬರೆದ ಕೂಡಲೇ ದುಃಖ ಹೆಚ್ಚುವುದುಂಟೆಂದು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಸಹೋದ್ಯೋಗಿ 1986ರಲ್ಲೇ ದಾಖಲಿಸಿದ್ದಾರೆ. ಅವರು ನಾಲ್ಕು ದಿನ, ದಿನಕ್ಕೆ ಬರೀ 15 ನಿಮಿಷ ಬರೆಸಿದ್ದರು, ಅದರ ಉಪಯೋಗ ಕಂಡದ್ದು ಮುಂದಿನ ತಿಂಗಳುಗಳಲ್ಲಿ. ಆದ್ದರಿಂದ ನಿಮ್ಮ ಅಳು ಸೋಲಿನ ಗುರುತಲ್ಲ. ಆದರೆ ಅದನ್ನು ಹಾಸಿಗೆಯವರೆಗೆ ಒಯ್ಯುವುದು ಬೇಡ. ಮುಂಜಾನೆ ಚಹಾ ಆದ ಮೇಲೆ ಹತ್ತು ನಿಮಿಷ ಬರೆದು ನೋಟ್‌ಬುಕ್ ಮುಚ್ಚಿಡಿ.

ಇನ್ನು ವಸ್ತುವಿನ ಮಾತು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ‘ನೋವು’, ‘ಕತ್ತಲು’ ಎಂದು ಬರೆದಾಗ ಮನಸ್ಸು ಗಾಣದ ಎತ್ತಿನಂತೆ ಅಲ್ಲಲ್ಲೇ ಸುತ್ತುತ್ತದೆ. ಹಾಯ್ಕು ಕೇಳುವುದು ಕಣ್ಣಿಗೆ ಕಂಡದ್ದನ್ನು, ಅದೂ ಋತುವಿನ ಸುಳಿವಿನೊಂದಿಗೆ. ಜಪಾನಿನ ಕವಿ ಕೊಬಾಯಾಶಿ ಇಸ್ಸಾ 1819ರಲ್ಲಿ ಸಿಡುಬಿನಿಂದ ಪುಟ್ಟ ಮಗಳನ್ನು ಕಳೆದುಕೊಂಡಾಗ ಬರೆದ ಮೂರು ಸಾಲಿನಲ್ಲಿ ಶೋಕವೆಂಬ ಶಬ್ದವೇ ಇಲ್ಲ, ಇರುವುದು ಇಬ್ಬನಿ. ನಿಮ್ಮ ಮನೆಯಲ್ಲಾದರೆ ಅದು ಹೀಗಿರಬಹುದು:

ಕಾರಹುಣ್ಣಿಮೆ—
ಗೂಟದ ಟೊಪ್ಪಿಗೆಗೆ
ಧೂಳು ಹತ್ತಿದೆ

ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುವ ಹಬ್ಬದ ದಿನ ಆ ಟೊಪ್ಪಿಗೆ ಯಾರ ತಲೆಯ ಮೇಲಿರಬೇಕಿತ್ತೆಂದು ಹೇಳದಿದ್ದರೂ ಓದಿದವರಿಗೆ ತಿಳಿಯುತ್ತದೆ. ಬರೆದವರಿಗೂ ದುಃಖವನ್ನು ತುಸು ದೂರ ನಿಂತು ನೋಡಲು ಜಾಗ ಸಿಗುತ್ತದೆ.

ಅಕ್ಷರದ ಲೆಕ್ಕ ತಪ್ಪಿದರೆ ತಪ್ಪಲಿ. ಜಪಾನಿ ಭಾಷೆಯ ಧ್ವನಿಗಳನ್ನು ಎಣಿಸುವ ಬಗೆಯೇ ಬೇರೆ. ಮೂರು ಸಾಲಿನ ಅಳತೆಯಂತೂ ನಿಮಗೆ ಹೊಸದಲ್ಲ: ನಿಮ್ಮ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು 1300 ವರ್ಷಗಳ ಹಿಂದೆಯೇ ತ್ರಿಪದಿ ಇದೆ, ಬೀಸುವ ಕಲ್ಲಿನ ಮುಂದೆ ಕೂತ ನಮ್ಮ ಹೆಣ್ಣುಮಕ್ಕಳು ಗಂಡನ ಮನೆಯ ಕಷ್ಟ, ತವರಿನ ಹಂಬಲಗಳನ್ನು ಹಾಡಿಕೊಂಡದ್ದೂ ತ್ರಿಪದಿಯಲ್ಲೇ.

ಹಾಯ್ಕು ಚಿಕಿತ್ಸೆಯ ಬದಲಿಗೆ ಬರುವಂಥದ್ದಲ್ಲ. ಹೊತ್ತು ಬದಲಿಸಿದ ಮೇಲೂ ಎರಡು ವಾರ ನಿದ್ದೆ ಸರಿಯಾಗದಿದ್ದರೆ, ಊಟ ಸೇರದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ತಜ್ಞರನ್ನು ಕಾಣಿ. ಬದುಕೇ ಬೇಡವೆನಿಸಿದರೆ ವಾರಗಟ್ಟಲೆ ಕಾಯದೆ ಆಗಲೇ ಮಗಳಿಗೆ ತಿಳಿಸಿ, 14416ಕ್ಕೆ ಕರೆ ಮಾಡಿ. ಸರ್ಕಾರದ ಈ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.