ಬರೆಯುವ ಗಂಟೆಗಳು, ಬಿಲ್ಲಿಗೆ ಬಾರದ ಗಂಟೆಗಳು

ಪ್ರಶ್ನೆ: ನಾಲ್ಕು ವರ್ಷಗಳಿಂದ ಸ್ವತಂತ್ರ ಬರಹಗಾರ್ತಿಯಾಗಿ ದುಡಿಯುತ್ತಿದ್ದೇನೆ. ಹಲವು ಸಂಸ್ಥೆಗಳಿಗೆ ಪದಕ್ಕಿಷ್ಟು ಎಂಬ ದರದಲ್ಲಿ ಲೇಖನಗಳನ್ನೂ ಜಾಲತಾಣದ ಬರಹಗಳನ್ನೂ ಬರೆದುಕೊಡುತ್ತೇನೆ. ವರ್ಷದಿಂದ ವರ್ಷಕ್ಕೆ ಕೆಲಸ ಹೆಚ್ಚುತ್ತಿದೆಯೇ ಹೊರತು ಹಣ ಕೈಯಲ್ಲಿ ನಿಲ್ಲುತ್ತಿಲ್ಲ. ನನಗಾಗಿ ಬರೆಯುವುದಂತೂ ನಿಂತೇ ಹೋಗಿದೆ. ಇನ್ನಷ್ಟು ಗ್ರಾಹಕರನ್ನು ಹುಡುಕಿಕೊಳ್ಳಬೇಕೇ?

ಉತ್ತರ: ಹುಡುಕುವ ಮೊದಲು, ಈಗಿರುವ ಕೆಲಸ ನಿಮ್ಮ ಎಷ್ಟು ಗಂಟೆಗಳನ್ನು ನುಂಗುತ್ತಿದೆ ಎಂಬುದನ್ನು ಒಂದು ತಿಂಗಳು ಪ್ರಾಮಾಣಿಕವಾಗಿ ಬರೆದಿಡಿ. ಬರೆಯಲು ಕುಳಿತ ಹೊತ್ತಷ್ಟೇ ಅಲ್ಲ, ವಿಷಯವನ್ನು ಓದಿಕೊಂಡದ್ದು, ಸಂದರ್ಶನವನ್ನು ಅಕ್ಷರಕ್ಕಿಳಿಸಿದ್ದು, ಇಮೇಲ್‌ಗಳಿಗೆ ಉತ್ತರಿಸಿದ್ದು, ಬಾಕಿ ಹಣಕ್ಕಾಗಿ ಮತ್ತೆ ಮತ್ತೆ ನೆನಪಿಸಿದ್ದು ಎಲ್ಲವೂ ಆ ಲೆಕ್ಕಕ್ಕೆ ಸೇರಬೇಕು. ಪದಕ್ಕಿಷ್ಟು ಎಂಬ ದರವು ಈ ಶ್ರಮವನ್ನೆಲ್ಲ ಮರೆಮಾಚಿಬಿಡುತ್ತದೆ. ಮಾಹಿತಿಯನ್ನು ಗ್ರಾಹಕರೇ ಒದಗಿಸಿದರೆ ಸಾವಿರ ಪದಗಳ ಲೇಖನ 4 ಗಂಟೆಯಲ್ಲಿ ಮುಗಿಯಬಹುದು. ಅಷ್ಟೇ ಉದ್ದದ ಇನ್ನೊಂದಕ್ಕೆ ಮೂವರನ್ನು ಮಾತನಾಡಿಸಿ, ದಾಖಲೆಗಳನ್ನು ಓದಿ, ಅಂಕಿಅಂಶಗಳನ್ನು ಪರಿಶೀಲಿಸಬೇಕಾಗಿ ಬಂದರೆ 10 ಗಂಟೆ ಹಿಡಿಯಬಹುದು. ಎರಡಕ್ಕೂ ಸಂಭಾವನೆ ಒಂದೇ ಆದಾಗ, ಎರಡನೆಯದರಲ್ಲಿ ನಿಮ್ಮ ಗಂಟೆಯ ಬೆಲೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಹೆಚ್ಚು ಶ್ರದ್ಧೆಯಿಂದ ಬರೆದವರಿಗೆ ಕಡಿಮೆ ಕೂಲಿ ಸಿಗುವ ಈ ವ್ಯವಸ್ಥೆಯಲ್ಲಿ ಗ್ರಾಹಕರ ಸಂಖ್ಯೆ ಹೆಚ್ಚಿದಷ್ಟೂ ದಣಿವೇ ಹೆಚ್ಚುತ್ತದೆ.

ದರವನ್ನು ನಿಗದಿಪಡಿಸುವಾಗ ನೌಕರರು ಮಾಡುವ ಲೆಕ್ಕವನ್ನು ಅನುಸರಿಸಬೇಡಿ. ವಾರಕ್ಕೆ 40 ಗಂಟೆಯಂತೆ 52 ವಾರ ಎಂದರೆ ವರ್ಷಕ್ಕೆ 2,080 ಗಂಟೆ. ಆದರೆ ಅಷ್ಟೂ ಗಂಟೆಗಳಿಗೆ ಬಿಲ್ ಮಾಡಬಲ್ಲ ಸ್ವತಂತ್ರ ಬರಹಗಾರರು ಇರಲಾರರು. ರಜೆಗೂ ಕಾಯಿಲೆಗೂ ಆರು ವಾರಗಳನ್ನು ಬಿಟ್ಟು, ಉಳಿದ 46 ವಾರಗಳಲ್ಲಿ ವಾರಕ್ಕೆ 18 ಗಂಟೆ ಮಾತ್ರ ಬಿಲ್ಲಿಗೆ ಬರುತ್ತದೆ ಎಂದುಕೊಂಡರೆ ಸಿಗುವುದು 828 ಗಂಟೆ. ಮನೆಯ ಖರ್ಚು, ತೆರಿಗೆ, ವಿಮೆ, ಕಂಪ್ಯೂಟರಿನಂತಹ ಸಲಕರಣೆ, ಮುಪ್ಪಿನ ಕಾಲದ ಉಳಿತಾಯ ಇವೆಲ್ಲಕ್ಕೂ ವರ್ಷಕ್ಕೆ ಬೇಕಾಗುವ ಒಟ್ಟು ಮೊತ್ತವನ್ನು ಈ 828ರಿಂದ ಭಾಗಿಸಿ. 2,080ರಿಂದ ಭಾಗಿಸಿದವರು ತಮಗೆ ನಿಜವಾಗಿ ಬೇಕಾದ ದರದ ಸುಮಾರು ಶೇ 40ರಷ್ಟನ್ನು ಮಾತ್ರ ಕೇಳುತ್ತಿರುತ್ತಾರೆ. ನಿಮ್ಮ ಕೈಯಲ್ಲಿ ಹಣ ನಿಲ್ಲದಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣವಿರಬೇಕು.

ಹೀಗೆ ಬಂದ ಗಂಟೆಯ ದರ ನಿಮ್ಮ ಲೆಕ್ಕಕ್ಕಷ್ಟೇ ಇರಲಿ. ಗ್ರಾಹಕರ ಮುಂದೆ ಗಂಟೆಯ ದರವನ್ನು ಇಟ್ಟರೆ, ಅನುಭವದಿಂದ ಬೇಗ ಬರೆಯಲು ಕಲಿತವರಿಗೇ ನಷ್ಟ. ಎಷ್ಟು ಗಂಟೆ ಹಿಡಿಯಬಹುದೆಂದು ಒಳಗೊಳಗೇ ಅಂದಾಜು ಮಾಡಿ, ಇಡೀ ಕೆಲಸಕ್ಕೆ ಒಂದು ಮೊತ್ತವನ್ನು ಹೇಳುವುದು ಒಳ್ಳೆಯದು.

ಬಳಿಕ ಈಗಿರುವ ಗ್ರಾಹಕರ ಪಟ್ಟಿಯನ್ನು ಈ ದರದ ಬೆಳಕಿನಲ್ಲಿ ನೋಡಿ. ಪ್ರತಿಸಲವೂ ಹೊಸಬರನ್ನು ಒಪ್ಪಿಸಲು ತಗಲುವ ಹೊತ್ತು ಬಿಲ್ಲಿಗೆ ಬಾರದ ಕಾರಣ, ಮರಳಿ ಮರಳಿ ಕೆಲಸ ಕೊಡುವ ನಾಲ್ಕೈದು ಗ್ರಾಹಕರು ಒಮ್ಮೆ ಬಂದುಹೋಗುವ ಇಪ್ಪತ್ತು ಗ್ರಾಹಕರಿಗಿಂತ ಮೇಲು. ತಿಂಗಳಿಗೆ ಇಂತಿಷ್ಟು ಬರಹಕ್ಕೆ ಇಂತಿಷ್ಟು ಸಂಭಾವನೆ ಎಂಬ ಮಾಸಿಕ ಒಪ್ಪಂದ ಅವರಲ್ಲಿ ಇಬ್ಬರೊಂದಿಗಾದರೂ ಸಾಧ್ಯವಾದರೆ ಆದಾಯದ ಏರಿಳಿತ ತಗ್ಗುತ್ತದೆ. ಆದರೆ ಒಬ್ಬರೇ ಗ್ರಾಹಕರಿಂದ ಆದಾಯದ ಅರ್ಧಕ್ಕಿಂತ ಹೆಚ್ಚು ಬರುತ್ತಿದ್ದರೆ ಎಚ್ಚರ ವಹಿಸಿ, ಏಕೆಂದರೆ ನೌಕರಿಯ ಅವಲಂಬನೆಯೆಲ್ಲ ಅಲ್ಲಿರುತ್ತದೆ, ನೌಕರಿಯ ರಕ್ಷಣೆ ಮಾತ್ರ ಇರುವುದಿಲ್ಲ. ವಿಷಯದ ಆಯ್ಕೆಯೂ ಮುಖ್ಯ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ನಂತರ, ಅಲ್ಲಿ ಇಲ್ಲಿ ಓದಿದ್ದನ್ನು ಜೋಡಿಸಿ ಬರೆಯುವ ಸಾಮಾನ್ಯ ಲೇಖನಗಳಿಗೆ ಒಳ್ಳೆಯ ಸಂಭಾವನೆ ಕೇಳುವುದು ಕಷ್ಟವಾಗಿದೆ. ತಾನೇ ಜನರನ್ನು ಮಾತನಾಡಿಸಿ, ಒಂದು ಕ್ಷೇತ್ರವನ್ನು ಆಳವಾಗಿ ಬಲ್ಲವರಾಗಿ ಬರೆಯುವವರ ಸ್ಥಾನ ಹೆಚ್ಚು ಭದ್ರವೆಂದು ನಾನು ನಂಬುತ್ತೇನೆ.

ಇನ್ನು ನಿಮಗಾಗಿ ಬರೆಯುವ ವಿಚಾರ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ ಮಾತು ಅದೇ. ಕೆಲಸವೆಲ್ಲ ಮುಗಿದು ಉಳಿದ ಹೊತ್ತಿನಲ್ಲಿ ಬರೆಯೋಣವೆಂದರೆ ಹೊತ್ತು ಉಳಿಯುವುದೇ ಇಲ್ಲ. ಆದ್ದರಿಂದ ವಾರಕ್ಕೆ ನಾಲ್ಕು ಗಂಟೆಯನ್ನು ನಿಮ್ಮ ಸ್ವಂತ ಬರವಣಿಗೆಗೆ ಮೀಸಲಿಟ್ಟು, ಅದನ್ನು ಬಿಲ್ಲಿಗೆ ಬಾರದ ಗಂಟೆಗಳಲ್ಲಿ ಮೊದಲನೆಯದಾಗಿ ಎಣಿಸಿ. ಮೇಲಿನ ಭಾಗಾಕಾರವನ್ನು ಆಮೇಲೆ ಮಾಡಿ. ಆಗ ಅದರ ಖರ್ಚನ್ನು ನಿಮ್ಮ ದರವೇ ಹೊರುತ್ತದೆ. ಇದನ್ನು ಸ್ವಾರ್ಥವೆಂದು ಭಾವಿಸಬೇಡಿ, ಗ್ರಾಹಕರು ಮೆಚ್ಚಿ ಕರೆಯುವ ನಿಮ್ಮ ಭಾಷೆ ಹದಗೊಳ್ಳುವುದು ಆ ಗಂಟೆಗಳಲ್ಲೇ.

ಪ್ರಶ್ನೆ: ಪರಿಚಯದವರೆಂಬ ಕಾರಣಕ್ಕೆ ಒಬ್ಬ ಗ್ರಾಹಕರೊಂದಿಗೆ ಒಪ್ಪಂದ ಮಾಡಿಕೊಂಡಿಲ್ಲ. ತಿದ್ದುಪಡಿಗಳು ಮುಗಿಯುತ್ತಿಲ್ಲ, ಪ್ರಕಟವಾದ ಮೇಲೆ ಹಣ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಈಗಲೂ ತಡವಾಗಿಲ್ಲ. ಇದುವರೆಗೆ ಬಾಯಿಮಾತಿನಲ್ಲಿ ಆದದ್ದನ್ನೆಲ್ಲ ಒಂದು ಸೌಮ್ಯವಾದ ಇಮೇಲ್‌ನಲ್ಲಿ ಬರೆದು, ಅದನ್ನು ಒಪ್ಪಿ ಉತ್ತರಿಸುವಂತೆ ಕೇಳಿ. ಬರಹದ ವಿಷಯ ಮತ್ತು ಉದ್ದ, ಕೊಡುವ ದಿನ, ಸಂಭಾವನೆಯಲ್ಲಿ ಸೇರಿರುವ ತಿದ್ದುಪಡಿಗಳ ಮಿತಿ, ಹಣ ಕೊಡುವ ದಿನಾಂಕ ಅದರಲ್ಲಿ ಸ್ಪಷ್ಟವಾಗಿರಲಿ. ಎರಡು ಸುತ್ತು ತಿದ್ದುಪಡಿ ನ್ಯಾಯವಾದ ಮಿತಿ. ಮೂರನೆಯದಕ್ಕೆ ಬೇರೆ ದರ. ಪ್ರಕಟಣೆಯ ದಿನ ನಿಮ್ಮ ಕೈಯಲ್ಲಿಲ್ಲದ ಕಾರಣ ಅದಕ್ಕೆ ಸಂಭಾವನೆಯನ್ನು ಕಟ್ಟಿಹಾಕಬಾರದು. ಮುಂದಿನ ಕೆಲಸದಿಂದ ಅರ್ಧ ಹಣವನ್ನು ಮುಂಗಡವಾಗಿ, ಉಳಿದದ್ದನ್ನು ಮೊದಲ ಕರಡು ತಲುಪಿದ 30 ದಿನಗಳೊಳಗೆ ಕೇಳಿ. ಬರಹ ಸಿದ್ಧವಾದ ಮೇಲೆ ಅವರು ಯೋಜನೆಯನ್ನೇ ಕೈಬಿಟ್ಟರೆ ಎಷ್ಟು ಕೊಡಬೇಕೆಂಬುದನ್ನೂ ಮೊದಲೇ ಬರೆದುಕೊಳ್ಳಿ.

ಹಕ್ಕುಗಳ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು ಸೇರಿಸುತ್ತೇನೆ. ಲೇಖಕರ ಹಕ್ಕುಗಳ ಕುರಿತ ಅಂತರರಾಷ್ಟ್ರೀಯ ಒಡಂಬಡಿಕೆಯಾದ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಹಕ್ಕುಸ್ವಾಮ್ಯ ಪಡೆಯಲು ನೋಂದಣಿಯ ಅಗತ್ಯವಿಲ್ಲ. ಬರೆದಾಗಲೇ ಅದು ಹುಟ್ಟುತ್ತದೆ. ಬರೆಸಿಕೊಂಡವರಿಗೆ ಅದರಲ್ಲಿ ಎಷ್ಟು ಸೇರುತ್ತದೆ ಎಂಬುದು ಆಯಾ ದೇಶದ ಕಾನೂನು ಮತ್ತು ನಿಮ್ಮ ಒಪ್ಪಂದದ ಮೇಲೆ ನಿಂತಿರುತ್ತದೆ. ಒಮ್ಮೆ ಪ್ರಕಟಿಸುವ ಹಕ್ಕಿಗೂ ಎಲ್ಲ ಹಕ್ಕುಗಳನ್ನು ಬಿಟ್ಟುಕೊಡುವುದಕ್ಕೂ ಒಂದೇ ಬೆಲೆಯನ್ನು ಒಪ್ಪಬೇಡಿ.

ಪ್ರಶ್ನೆ: ಪೂರ್ಣಾವಧಿ ಬರವಣಿಗೆಗಾಗಿ ನೌಕರಿಯನ್ನು ಯಾವಾಗ ಬಿಡಬಹುದು?

ಉತ್ತರ: ಇಂಗ್ಲಿಷ್ ಕಾದಂಬರಿಕಾರ ಆ್ಯಂಟನಿ ಟ್ರೊಲಪ್ 1834ರಲ್ಲಿ ಅಂಚೆ ಇಲಾಖೆಗೆ ಸೇರಿ, ಮುಂಜಾನೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತ, ಹೆಸರಾಂತ ಲೇಖಕರಾದ ಮೇಲೂ ನೌಕರಿಯಲ್ಲೇ ಇದ್ದು, 1867ರಲ್ಲಿ ಅದನ್ನು ಬಿಟ್ಟರು. ಅಷ್ಟು ದೀರ್ಘಕಾಲ ಎಲ್ಲರೂ ಕಾಯಬೇಕಿಲ್ಲ. ಆರು ತಿಂಗಳ ಖರ್ಚಿಗಾಗುವ ಹಣ ಬ್ಯಾಂಕಿನಲ್ಲಿದ್ದು, ಪರಸ್ಪರ ಸಂಬಂಧವಿಲ್ಲದ ಕನಿಷ್ಠ ಮೂವರು ಗ್ರಾಹಕರು ಎರಡನೆಯ ಸಲವೂ ಕೆಲಸ ಕೊಟ್ಟಿದ್ದರೆ, ಮತ್ತು ಅವರು ಕೊಡುವ ಸಂಭಾವನೆ ಮೊದಲ ಉತ್ತರದಲ್ಲಿ ಹೇಳಿದ ದರವನ್ನು ಮುಟ್ಟುತ್ತಿದ್ದರೆ ರಾಜೀನಾಮೆಯ ವಿಚಾರವನ್ನು ಮಾಡಬಹುದು. ಅದಕ್ಕೂ ಮೊದಲು ನೌಕರಿಯೊಂದಿಗೇ ಇಬ್ಬರಿಗಷ್ಟೇ ಬರೆದುಕೊಡುತ್ತ, ನಿಮ್ಮ ಒಂದು ಲೇಖನಕ್ಕೆ ನಿಜಕ್ಕೂ ಎಷ್ಟು ಗಂಟೆ ಹಿಡಿಯುತ್ತದೆ ಎಂಬುದನ್ನು ತಿಳಿದುಕೊಳ್ಳಿ.