ಅಧಿವೇಶನ ನಡೆಯುವಾಗ ಶಾಸಕರ ಕಚೇರಿಯಿಂದ ಜನರಿಗೆ ಮಾಹಿತಿ ತಲುಪಿಸುವುದು ಹೇಗೆ?

ಶಾಸಕರ ಕಚೇರಿಗೆ ಹೊಸದಾಗಿ ಸೇರಿರುವ ನೀವು, ಸದನದ ಕಲಾಪವನ್ನು ಪ್ರತಿದಿನ ಕ್ಷೇತ್ರದ ಜನರಿಗೆ ಮುಟ್ಟಿಸಲು ವಾಟ್ಸ್‌ಆ್ಯಪ್ ಗುಂಪು ಮೇಲೋ, ಫೇಸ್‌ಬುಕ್ ಪುಟ ಮೇಲೋ ಎಂದು ಕೇಳಿದ್ದೀರಿ. ಅಂಥದೇ ಕಚೇರಿಯಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ, ಎರಡನ್ನೂ ನಡೆಸಿದ್ದೇನೆ. ನಾನು ಎಡವಿದ್ದು ಮಾಧ್ಯಮದ ಆಯ್ಕೆಯಲ್ಲಲ್ಲ.

ಅದು ವಿಧಾನಸೌಧದಲ್ಲಿ ನಡೆಯುತ್ತಿದ್ದ ಮಳೆಗಾಲದ ಅಧಿವೇಶನ. ನಮ್ಮ ಕ್ಷೇತ್ರದ ಹೋಬಳಿಯೊಂದಕ್ಕೆ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯ ಬೇಕೆಂದು ಶಾಸಕರು ಚುಕ್ಕೆ ಗುರುತಿಲ್ಲದ ಪ್ರಶ್ನೆ, ಅಂದರೆ ಲಿಖಿತ ಉತ್ತರವಷ್ಟೇ ಸಿಗುವ ಪ್ರಶ್ನೆ ಕೇಳಿದ್ದರು. ಉತ್ತರದ ಪ್ರತಿ ಎಂದಿನಂತೆ ಎರಡು ಅಂಕಣಗಳಲ್ಲಿ ಬಂತು. ವಿದ್ಯಾರ್ಥಿನಿಲಯದ ಕೊರತೆ ಸರ್ಕಾರದ ಗಮನಕ್ಕೆ ಬಂದಿದೆಯೇ ಎಂಬ 'ಅ' ಭಾಗಕ್ಕೆ 'ಬಂದಿದೆ' ಎಂದಿತ್ತು. ಯಾವಾಗ ಪ್ರಾರಂಭಿಸಲಾಗುವುದು ಎಂಬ 'ಆ' ಭಾಗಕ್ಕೆ, ಅನುದಾನದ ಲಭ್ಯತೆಯನ್ನು ಆಧರಿಸಿ ಪ್ರಸ್ತಾವನೆಯನ್ನು ಪರಿಶೀಲಿಸಲಾಗುವುದು ಎಂದಿತ್ತು. ನಾನು ಅದರ ಸಾರಾಂಶ ಬರೆದು, ಶಾಸಕರ ಭಾವಚಿತ್ರ ಸೇರಿಸಿ, 'ಬಾಲಕಿಯರ ಹಾಸ್ಟೆಲ್‌ಗೆ ಸರ್ಕಾರದ ಒಪ್ಪಿಗೆ, ಶೀಘ್ರದಲ್ಲೇ ಆರಂಭ' ಎಂಬ ಶೀರ್ಷಿಕೆ ಕೊಟ್ಟು ಎಲ್ಲ ಗುಂಪುಗಳಿಗೂ ಕಳುಹಿಸಿಬಿಟ್ಟೆ.

ಆ ಉತ್ತರದಲ್ಲಿ ಒಪ್ಪಿಗೆ ಇರಲೇ ಇಲ್ಲ. ಕೊರತೆ ಇದೆ ಎಂದು ಇಲಾಖೆ ಒಪ್ಪಿಕೊಂಡಿತ್ತೇ ಹೊರತು ವಿದ್ಯಾರ್ಥಿನಿಲಯ ಕೊಡುತ್ತೇನೆಂದು ಹೇಳಿರಲಿಲ್ಲ. ಬೇಡಿಕೆಯೊಂದು ಕಟ್ಟಡವಾಗಬೇಕಾದರೆ ಕಡತ ಆರ್ಥಿಕ ಇಲಾಖೆಯ ಸಹಮತಿ ಪಡೆಯಬೇಕು, ಆಡಳಿತಾತ್ಮಕ ಅನುಮೋದನೆಯ ಆದೇಶ ಹೊರಬೀಳಬೇಕು, ತಾಂತ್ರಿಕ ಮಂಜೂರಾತಿ ಸಿಗಬೇಕು, ಟೆಂಡರ್ ಆಗಿ ಕಾರ್ಯಾದೇಶ ಕೈಸೇರಬೇಕು. ಬಾಡಿಗೆ ಕಟ್ಟಡದಲ್ಲಿ ಶುರು ಮಾಡುವುದಾದರೂ ಹುದ್ದೆಗಳೂ ಅನುದಾನವೂ ಮಂಜೂರಾಗಬೇಕು. ಇದಿಷ್ಟೂ ನನಗೆ ತಿಳಿಯದ ವಿಷಯವಾಗಿರಲಿಲ್ಲ. ಪಕ್ಕದ ಕ್ಷೇತ್ರದವರ ಪುಟದಲ್ಲಿ ದಿನಕ್ಕೊಂದು 'ಮಂಜೂರು' ಕಾಣುತ್ತಿದ್ದುದರಿಂದ, ನಮ್ಮ ಶಾಸಕರು ಸುಮ್ಮನೆ ಕುಳಿತಿದ್ದಾರೆ ಎಂದು ಜನ ಭಾವಿಸಬಾರದು ಎಂಬ ಆತುರದಲ್ಲಿ, ಮೂಲ ಉತ್ತರದ ಪ್ರತಿಯನ್ನು ಜೊತೆಗೆ ಲಗತ್ತಿಸದೆ ನನ್ನ ಸಾರಾಂಶವನ್ನಷ್ಟೇ ಕಳುಹಿಸಿದೆ. ಪ್ರತಿಯನ್ನು ಹಾಕಿದ್ದರೆ, ಓದಬಲ್ಲ ಒಬ್ಬರಾದರೂ ಅದೇ ಸಂಜೆ ನನ್ನನ್ನು ತಿದ್ದುತ್ತಿದ್ದರು.

ಯಾರೂ ತಿದ್ದಲಿಲ್ಲ, ನಂಬಿದರು. ಹೋಬಳಿಯಲ್ಲೇ ಹಾಸ್ಟೆಲ್ ಬರುತ್ತದೆಂದು ಹಲವು ಪೋಷಕರು ತಾಲ್ಲೂಕು ಕೇಂದ್ರದ ವಿದ್ಯಾರ್ಥಿನಿಲಯಕ್ಕೆ ಅರ್ಜಿಯನ್ನೇ ಹಾಕಲಿಲ್ಲ, ಅಷ್ಟರಲ್ಲಿ ಕೊನೆಯ ದಿನಾಂಕ ಮುಗಿದುಹೋಗಿತ್ತು. ನನ್ನ ಸಂದೇಶವನ್ನು ಮುದ್ರಿಸಿ, ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ ತಂದೆಯೊಬ್ಬರು ಅದನ್ನು ನನ್ನ ಮೇಜಿನ ಮೇಲೆ ಬಿಡಿಸಿ, ಮಗಳನ್ನು ಎಲ್ಲಿಗೆ ಸೇರಿಸಬೇಕು ಎಂದು ಕೇಳಿದರು. ಅವರು ಜಗಳಕ್ಕೆ ಬಂದಿರಲಿಲ್ಲ, ವಿಳಾಸ ಕೇಳಲು ಬಂದಿದ್ದರು. ಆ ಹುಡುಗಿ ಆ ವರ್ಷ ಕಾಲೇಜಿಗೆ ಹೋಗಲಿಲ್ಲ. ಆಮೇಲೆ ನಿಜಕ್ಕೂ ಮಂಜೂರಾದ ಸೇತುವೆಯ ಸುದ್ದಿ ಹಾಕಿದಾಗಲೂ 'ಮೊದಲು ಆದೇಶದ ಪ್ರತಿ ಹಾಕಿ' ಎಂಬ ಉತ್ತರವೇ ಬರುತ್ತಿತ್ತು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಆದ್ದರಿಂದ ಪ್ರತಿದಿನ ಏನಾದರೂ ಹಾಕಲೇಬೇಕು ಎಂಬ ನಿಮ್ಮ ಲೆಕ್ಕಾಚಾರವನ್ನೇ ನಾನು ಒಪ್ಪುವುದಿಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರ ರಾಜ್ಯ ಕಾಯ್ದೆಯೇ ಹೇಳುತ್ತದೆ, ಆದರೂ ಬಹುತೇಕ ವರ್ಷಗಳಲ್ಲಿ ಅಷ್ಟು ದಿನ ಕಲಾಪ ನಡೆಯುವುದಿಲ್ಲ. ನಡೆದ ದಿನಗಳಲ್ಲೂ ಎಷ್ಟೋ ಹೊತ್ತು ಗದ್ದಲದಲ್ಲಿ ಕಳೆಯುತ್ತದೆ. 224 ಸದಸ್ಯರ ಸಭೆಯಲ್ಲಿ ನಿಮ್ಮ ಕ್ಷೇತ್ರದ ಹೆಸರು ಕೇಳಿಬರುವ ದಿನಗಳು ಇನ್ನೂ ಕಡಿಮೆ. ಹೇಳಲು ಇರುವ ದಿನ ಹೇಳಿ: ಶಾಸಕರು ಕೇಳಿದ್ದೇನು, ಇಲಾಖೆ ತನ್ನದೇ ಮಾತಿನಲ್ಲಿ ಕೊಟ್ಟ ಉತ್ತರವೇನು, ಕಡತ ಈಗ ಯಾವ ಹಂತದಲ್ಲಿದೆ. ಉತ್ತರದ ಪ್ರತಿಯನ್ನು ಜೊತೆಗೇ ಹಾಕಿ, ಆದರೆ ಅದು ಸದನದಲ್ಲಿ ಮಂಡನೆಯಾದ ಮೇಲೆ ಮಾತ್ರ. ಸಂಖ್ಯೆ, ದಿನಾಂಕ ಇರುವ ಸರ್ಕಾರಿ ಆದೇಶ ಕೈಯಲ್ಲಿಲ್ಲದೆ 'ಮಂಜೂರು' ಎಂದು ಬರೆಯಲೇಬೇಡಿ. ಮಸೂದೆಯ ವಿಷಯದಲ್ಲಿಯೂ ಅಷ್ಟೇ: ವಿಧಾನಸಭೆಯಲ್ಲಿ ಅಂಗೀಕಾರವಾದೊಡನೆ 'ಕಾಯ್ದೆ ಜಾರಿ' ಎಂದು ಬರೆಯುವವರಿದ್ದಾರೆ, ಪರಿಷತ್ತೂ ರಾಜ್ಯಪಾಲರ ಅಂಕಿತವೂ ಇನ್ನೂ ಬಾಕಿಯಿರುತ್ತವೆ.

ವಿಡಿಯೊ ತುಣುಕುಗಳ ಬಗ್ಗೆ ಒಂದು ಎಚ್ಚರಿಕೆ. ಸದನದೊಳಗೆ ಆಡಿದ ಮಾತಿಗೆ ಸಂವಿಧಾನದ 194ನೇ ವಿಧಿಯ ರಕ್ಷಣೆ ಇದೆ. ಅದೇ ಆರೋಪವನ್ನು ಶಾಸಕರ ಪುಟದಲ್ಲಿ ಮತ್ತೆ ಬರೆದರೆ ಅದೇ ರಕ್ಷಣೆ ಸಿಗುತ್ತದೆಂದು ಭಾವಿಸಬೇಡಿ. ಸಭಾಧ್ಯಕ್ಷರು ಸದನದ ಕಡತದಿಂದ ತೆಗೆಸಿದ ಮಾತನ್ನು ಹಂಚಿದರೆ ಹಕ್ಕುಚ್ಯುತಿಯ, ಅಂದರೆ ಸದನದ ವಿಶೇಷ ಹಕ್ಕಿನ ಉಲ್ಲಂಘನೆಯ, ಪ್ರಶ್ನೆ ಏಳಬಹುದು. ಭಾಷಣದ ಬಿಸಿಯಲ್ಲೇ ತುಣುಕು ಹರಿಬಿಡುವ ಬದಲು ಒಂದು ದಿನ ತಡೆಯಿರಿ.

ಇನ್ನು ಮಾಧ್ಯಮ. ವಾಟ್ಸ್‌ಆ್ಯಪ್ ಸಾಕು, ಜೊತೆಗೆ ಅದೇ ಸಂದೇಶವನ್ನು ಮುದ್ರಿಸಿ ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೂ ಅರಿವು ಕೇಂದ್ರಕ್ಕೂ (ಪಂಚಾಯಿತಿ ಗ್ರಂಥಾಲಯಕ್ಕೂ) ಕಳುಹಿಸಿ, ಏಕೆಂದರೆ ನಮ್ಮ ಗುಂಪುಗಳಲ್ಲಿ ಇದ್ದವರು ಹೆಚ್ಚಾಗಿ ಕಾರ್ಯಕರ್ತರೇ, ಹಾಸ್ಟೆಲ್ ಬೇಕಾಗಿದ್ದ ಹುಡುಗಿಯರ ತಾಯಂದಿರು ಅಲ್ಲಿರಲಿಲ್ಲ. ಅಧಿವೇಶನ ಮುಗಿದ ಮೇಲೆ, ಸಚಿವರು ಕೊಟ್ಟ ಭರವಸೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕಸಹಿತ ಬರೆದಿಡಿ. ಸದನದಲ್ಲಿ ಕೊಟ್ಟ ಮಾತಿನ ಬೆನ್ನುಹತ್ತಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಮುಂದಿನ ಅಧಿವೇಶನದ ಪ್ರಶ್ನೆಗಳನ್ನು ಸಿದ್ಧಪಡಿಸುವಾಗ, ಈಡೇರದೆ ಉಳಿದ ಭರವಸೆಗಳ ಪಟ್ಟಿಯನ್ನೇ ಮೊದಲು ಶಾಸಕರ ಮುಂದಿಡಿ.