ಹಳೆಯ ಕಾರಿನ ರೇಡಿಯೇಟರ್ ಸೋರುತ್ತಿದೆ: ನೀರು ತುಂಬಿಸುತ್ತಾ ಓಡಿಸಬಹುದೇ, ಬದಲಿಸಲೇಬೇಕೇ?

ನಿಮ್ಮ ಕಾರಿಗೆ 18 ವರ್ಷ, ದಿನವೂ ಬೆಳಿಗ್ಗೆ ಮಾತ್ರ ಮುಂಭಾಗದ ಕೆಳಗೆ ಅಂಗೈಯಗಲ ಒದ್ದೆ, ಎರಡು ದಿನಕ್ಕೊಮ್ಮೆ ಅರ್ಧ ಲೀಟರ್ ನೀರು ಹಾಕುತ್ತಿದ್ದೀರಿ. ಗ್ಯಾರೇಜಿನವರು ರೇಡಿಯೇಟರನ್ನೇ ಬದಲಿಸಿ ಎನ್ನುತ್ತಾರೆ. ಗೆಳೆಯರು ಸೋರಿಕೆ ನಿಲ್ಲಿಸುವ ದ್ರಾವಣ ಒಂದು ಡಬ್ಬಿ ಸುರಿದರೆ ಸಾಕು ಎನ್ನುತ್ತಾರೆ. ನೀವು ಬರೆದದ್ದನ್ನು ನೋಡಿದರೆ ಇಬ್ಬರೂ ಸೋರುವ ಜಾಗವನ್ನು ಕಣ್ಣಾರೆ ಕಂಡಂತಿಲ್ಲ. ಸದ್ಯಕ್ಕೆ ಎರಡೂ ಸಲಹೆಗಳನ್ನು ಬದಿಗಿಡಿ.

ಪೆಟ್ಟು ತಿಂದವನಾಗಿ ಹೇಳುತ್ತಿದ್ದೇನೆ. ನನ್ನ ಹಳೆಯ ಕಾರಿಗೆ ಇದೇ ಕಾಯಿಲೆ ಬಂದಾಗ ಹೊಸ ರೇಡಿಯೇಟರ್ ಹಾಕಿಸಿದೆ. ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಒದ್ದೆ! ನಿಜವಾಗಿ ಸೋರುತ್ತಿದ್ದದ್ದು ಇಂಜಿನ್ನಿನೊಳಗೆ ನೀರು ಸುತ್ತಿಸುವ ವಾಟರ್ ಪಂಪ್. ಅಲ್ಲಿಂದ ಇಳಿದ ನೀರು ಇಂಜಿನ್ನಿನ ಅಡಿಯ ಪ್ಲಾಸ್ಟಿಕ್ ತಟ್ಟೆಯ ಮೇಲೆ ಮುಂದಕ್ಕೆ ಹರಿದು, ಸರಿಯಾಗಿ ರೇಡಿಯೇಟರಿನ ಕೆಳಗೆ ತೊಟ್ಟಿಕ್ಕುತ್ತಿತ್ತು. ನೀರು ಬೀಳುವ ಜಾಗ ಬೇರೆ, ಹೊರಡುವ ಜಾಗ ಬೇರೆ ಎಂಬುದು ನನಗೆ ದುಬಾರಿ ಪಾಠವಾಯಿತು.

ಮೊದಲು, ಅದು ಕೂಲಂಟ್ (ಇಂಜಿನ್ನನ್ನು ತಣ್ಣಗಿಡುವ ದ್ರವ) ಹೌದೇ ನೋಡಿ. ಎ.ಸಿ.ಯಿಂದ ಬೀಳುವ ನೀರಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೂಲಂಟ್ ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ ಇರುತ್ತದೆ. ಆದರೆ ನೀವು ಬಹಳ ದಿನಗಳಿಂದ ಬರೀ ನೀರು ತುಂಬಿಸುತ್ತಿರುವುದರಿಂದ ಬಣ್ಣ ತೆಳುವಾಗಿರುತ್ತದೆ, ಬಣ್ಣವೊಂದನ್ನೇ ನಂಬಬೇಡಿ.

ಆಮೇಲೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಟಾರ್ಚ್ ಹಿಡಿದು ಹುಡುಕಿ. ಬಿಸಿಯಲ್ಲಿ ಸಣ್ಣ ಸೋರಿಕೆ ಹನಿಯಾಗುವ ಮೊದಲೇ ಆರಿಹೋಗಿ, ಬಿಳಿ ಅಥವಾ ಕೂಲಂಟಿನ ಬಣ್ಣದ ಹಕ್ಕಳೆಯನ್ನು ಬಿಟ್ಟಿರುತ್ತದೆ. ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿಯೂ ಅಲ್ಯೂಮಿನಿಯಂ ಭಾಗವೂ ಸೇರುವ ಅಂಚು, ಮೇಲಿನ ಹೋಸ್ ಕೂರುವ ಕತ್ತು, ಕೆಳಗಿನ ಡ್ರೈನ್ ಪ್ಲಗ್, ಹೋಸಿನ ಕ್ಲಿಪ್ಪುಗಳು, ವಾಟರ್ ಪಂಪಿನ ಅಡಿಯ ಪುಟ್ಟ ತೂತು, ಇವಿಷ್ಟನ್ನೂ ನೋಡಿ. ಬೆಳಿಗ್ಗೆ ಮಾತ್ರ ಒದ್ದೆ ಕಾಣುತ್ತದೆ ಎಂದಿರಲ್ಲ, ಆ ಮಾತಿಗೆ ನನ್ನ ಅನುಮಾನ ಕ್ಲಿಪ್ಪುಗಳ ಕಡೆಗೇ ಹೋಗುತ್ತದೆ. ತಣ್ಣಗಾದಾಗ ಎಲ್ಲವೂ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಬಿಸಿಯಾದರೆ ಮತ್ತೆ ಬಿಗಿಯಾಗುತ್ತದೆ. ಹಾಗಿದ್ದರೆ ಒಂದು ಸ್ಕ್ರೂಡ್ರೈವರಿನಲ್ಲಿ ಕೆಲಸ ಮುಗಿಯಬಹುದು.

ಕಣ್ಣಿಗೆ ಕಾಣದಿದ್ದರೆ ಒತ್ತಡ ಪರೀಕ್ಷೆ ಮಾಡಿಸಿ. ಮುಚ್ಚಳದ ಜಾಗಕ್ಕೆ ಕೈಪಂಪ್ ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ (ಹಲವು ಕಾರುಗಳಲ್ಲಿ 0.9ರಿಂದ 1.1 ಬಾರ್) ಕೊಟ್ಟು ಕಾಲು ಗಂಟೆ ಕಾಯಬೇಕು. ಪಂಪಿನ ಒತ್ತಡದ ಮುಳ್ಳು ಇಳಿಯುತ್ತಿದ್ದರೆ ಸಾಮಾನ್ಯವಾಗಿ ಎಲ್ಲೋ ಹನಿ ಕಾಣುತ್ತದೆ. ಮುಚ್ಚಳವನ್ನೂ ಅದೇ ಪಂಪಿನಲ್ಲಿ ಪರೀಕ್ಷಿಸಬಹುದು. ಮುಳ್ಳು ಇಳಿದೂ ಹೊರಗೆ ಹನಿಯೇ ಇಲ್ಲವೆಂದರೆ ಕಾಲಡಿಯ ಕಾರ್ಪೆಟ್ ಒದ್ದೆಯಾಗಿದೆಯೇ ನೋಡಿ, ಹೀಟರಿನ ಪುಟ್ಟ ರೇಡಿಯೇಟರ್ ಒಡೆದಿರಬಹುದು. ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ, ಬಿಸಿಯಾದ ಮೇಲೂ ಹಿಂದಿನಿಂದ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಮೇಲೆ ಅನುಮಾನ ಪಡಬೇಕು. ಆಗ ರೇಡಿಯೇಟರಿಗೆ ಹಣ ಹಾಕಿ ಪ್ರಯೋಜನವಿಲ್ಲ.

ಸೋರುತ್ತಿರುವುದು ರೇಡಿಯೇಟರೇ ಎಂದು ಖಚಿತವಾದರೆ, ಅದು ಯಾವುದರಿಂದ ಮಾಡಿದ್ದು ಎಂಬುದರ ಮೇಲೆ ಮುಂದಿನ ಮಾತು. ತಾಮ್ರ, ಹಿತ್ತಾಳೆಯದ್ದಾದರೆ ಬೆಸುಗೆ ಹಾಕಿಸಿ, ಇನ್ನೂ ವರ್ಷಗಟ್ಟಲೆ ಬರುತ್ತದೆ. ಪ್ಲಾಸ್ಟಿಕ್ ತೊಟ್ಟಿ ಬಿರುಕು ಬಿಟ್ಟಿದ್ದರೆ ಬದಲಿಸುವುದೇ ಸರಿ. ವರ್ಷಗಟ್ಟಲೆ ಬಿಸಿ ಉಂಡ ಪ್ಲಾಸ್ಟಿಕ್ ಪೆಡಸಾಗಿರುತ್ತದೆ. ಇಂದು ಇಲ್ಲಿ ಅಂಟು ಹಚ್ಚಿದರೆ ನಾಳೆ ಪಕ್ಕದಲ್ಲಿ ಸೀಳುತ್ತದೆ.

ದ್ರಾವಣದ ವಿಷಯ: ಸೂಜಿಮೊನೆಯಷ್ಟು ತೂತಿದ್ದರೆ ಅದು ಕೆಲಸ ಮಾಡುವುದುಂಟು, ಸುಳ್ಳಲ್ಲ. ಆದರೆ ತೂತನ್ನು ಮುಚ್ಚುವ ವಸ್ತುವಿಗೆ ತೂತು ಯಾವುದು, ಹೀಟರಿನ ಸಣ್ಣ ಕೊಳವೆ ಯಾವುದು ಎಂಬ ವಿವೇಕವಿಲ್ಲ. ದಾರಿಯಲ್ಲಿ ಸಿಕ್ಕಿಕೊಂಡಾಗ ಮನೆ ಸೇರಲು ಬಳಸಿ. ಅದೇ ಚಿಕಿತ್ಸೆ ಎಂದುಕೊಳ್ಳಬೇಡಿ. ಮೊಟ್ಟೆಯ ಬಿಳಿ, ಮೆಣಸಿನ ಪುಡಿ ಸುರಿಯುವವರೂ ಇದ್ದಾರೆ. ಅದನ್ನು ಆಮೇಲೆ ತೊಳೆಯುವವರನ್ನು ನೆನೆದು ನನಗೆ ಕನಿಕರವಾಗುತ್ತದೆ.

ನೀರು ತುಂಬಿಸುತ್ತಾ ಓಡಿಸಬಹುದೇ ಎಂದು ಕೇಳಿದಿರಿ. ಗ್ಯಾರೇಜಿನವರೆಗೆ ಹೌದು, ತಿಂಗಳುಗಟ್ಟಲೆ ಖಂಡಿತ ಬೇಡ. ವ್ಯವಸ್ಥೆಯೊಳಗೆ ಒತ್ತಡ ಇರುವುದರಿಂದಲೇ ಕೂಲಂಟ್ 100 ಡಿಗ್ರಿ ದಾಟಿಯೂ ಕುದಿಯದೆ ಉಳಿಯುತ್ತದೆ. ಸೋರಿದರೆ ಆ ಒತ್ತಡವೂ ಸೋರುತ್ತದೆ. ಬರೀ ನೀರು ಹೆಚ್ಚಾದಷ್ಟೂ ತುಕ್ಕು ತಡೆಯುವ ಅಂಶ ಕಡಿಮೆಯಾಗಿ ಒಳಭಾಗ ಸವೆಯುತ್ತದೆ. ಇನ್ನೊಂದು ಮೋಸವಿದೆ: ನೀರು ತೀರಾ ಕಡಿಮೆಯಾದರೆ ಉಷ್ಣಾಂಶದ ಸೆನ್ಸರ್ ಬರೀ ಆವಿಯಲ್ಲಿ ನಿಂತು, ಮುಳ್ಳು ತಣ್ಣಗೆ ಕೆಳಗೇ ಇರಬಹುದು. ಅಷ್ಟರಲ್ಲಿ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿರುತ್ತದೆ. ಅದರ ಮುಂದೆ ರೇಡಿಯೇಟರಿನ ಖರ್ಚು ಏನೂ ಅಲ್ಲ.

ದಾರಿಯಲ್ಲಿ ಮುಳ್ಳು ಏರಿದರೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿ. ಮೇಲಿನ ಹೋಸ್ ಮುಟ್ಟಲು ತಣ್ಣಗೂ, ಹಿಸುಕಲು ಮೆತ್ತಗೂ ಆಗುವವರೆಗೆ ಮುಚ್ಚಳಕ್ಕೆ ಕೈ ಹಾಕಬೇಡಿ. ಚಿಮ್ಮುವ ಆವಿ ಮುಖವನ್ನೇ ಸುಡುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ, ಲೋಹ ಸೀಳಬಹುದು.

ಬದಲಿಸುವುದೇ ಆದರೆ ಜೊತೆಗೆ ಹೋಸ್, ಕ್ಲಿಪ್, ಮುಚ್ಚಳವನ್ನೂ ಹೊಸದಾಗಿ ಹಾಕಿಸಿ. ಕೈಪಿಡಿಯಲ್ಲಿ ಹೇಳಿರುವ ಬಗೆಯ ಕೂಲಂಟನ್ನೇ, ಮೊದಲೇ ನೀರು ಬೆರೆಸಿರದ ಗಟ್ಟಿ ದ್ರವವಾದರೆ ಬಟ್ಟಿ ಇಳಿಸಿದ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ, ತುಂಬಿಸಿ, ಒಳಗಿನ ಗಾಳಿ ಹೊರಡಿಸಿ, ಮರುದಿನ ತಣ್ಣಗಿರುವಾಗ ಮಟ್ಟ ನೋಡಿ. ಹಳೆಯದನ್ನು ಚರಂಡಿಗೆ ಬಿಡಬೇಡಿ. ನೆಲದಲ್ಲಿ ಚೆಲ್ಲಿದ್ದನ್ನು ಆಗಲೇ ಒರೆಸಿ ತೆಗೆಯಿರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಆದರೂ ಪ್ರಾಣ ತೆಗೆಯುತ್ತದೆ. ಬೆಳಗಿನ ಆ ಅಂಗೈಯಗಲದ ಒದ್ದೆಗೂ ಇದೇ ಮಾತು ಅನ್ವಯಿಸುತ್ತದೆ, ದುರಸ್ತಿಯಾಗುವವರೆಗೆ ನಾಯಿ, ಬೆಕ್ಕು ಸುಳಿಯದ ಕಡೆ ಕಾರು ನಿಲ್ಲಿಸಿ, ಕೆಳಗೊಂದು ತಟ್ಟೆ ಇಟ್ಟು, ಬೆಳಿಗ್ಗೆ ಎದ್ದ ಕೂಡಲೇ ಅದನ್ನು ತೆಗೆದುಬಿಡಿ.